ಲೋಕಶಂಕೆ

ಶಕುಂತಲೆಯ ಕಥೆಯನ್ನು ನಮ್ಮಲ್ಲಿ ಹೆಚ್ಚಿನವರು ಕಾಳಿದಾಸನ ನಾಟಕದ ಮೂಲಕ ಬಲ್ಲರು. ಅಲ್ಲಿ ದೂರ್ವಾಸರ ಶಾಪವುಂಟು, ಕಳೆದುಹೋದ ಉಂಗುರವುಂಟು. ದುಷ್ಯಂತನು ನಿಜವಾಗಿಯೇ ಮರೆತಿರುತ್ತಾನೆ. ವ್ಯಾಸಭಾರತದ ಆದಿಪರ್ವದಲ್ಲಿ ಈ ಕಥೆ ಬರುವ ರೀತಿಯೇ ಬೇರೆ. ಅಲ್ಲಿ ಶಾಪವಿಲ್ಲ, ಉಂಗುರವೂ ಇಲ್ಲ. ಮಗನನ್ನು ಮುಂದಿಟ್ಟುಕೊಂಡು ಸಭೆಗೆ ಬಂದ ಶಕುಂತಲೆಯ ನೆನಪು ಅರಸನಿಗೆ ಚೆನ್ನಾಗಿಯೇ ಇದೆ. ಇದ್ದೂ ಅವನು ‘ನೆನಪಿಲ್ಲ’ ಎನ್ನುತ್ತಾನೆ. ಅಷ್ಟಕ್ಕೆ ನಿಲ್ಲದೆ ಅವಳ ಹುಟ್ಟನ್ನೂ ಹೆತ್ತ ತಾಯಿಯ ನಡತೆಯನ್ನೂ ಎತ್ತಿ ಆಡುತ್ತಾನೆ. ಅವಳು ಸಭೆಯ ನಡುವೆ ನಿಂತು ದೀರ್ಘವಾಗಿ ವಾದಿಸುತ್ತಾಳೆ, ಫಲವಿಲ್ಲ. ಕೊನೆಗೆ ಆಕಾಶದಿಂದ ಅಶರೀರವಾಣಿಯೊಂದು ಅವಳ ಮಾತು ಸತ್ಯವೆಂದು ಸಾರಿದ ಮೇಲೆಯೇ ಅರಸನು ಒಪ್ಪಿಕೊಳ್ಳುವುದು. ಆಗ ಅವನು ಕೊಡುವ ಸಮಾಧಾನ ಗಮನಿಸತಕ್ಕದ್ದು: ಇವಳ ಮಾತೊಂದನ್ನೇ ನಂಬಿ ನಾನು ಮಗನನ್ನು ಸ್ವೀಕರಿಸಿದ್ದರೆ ಲೋಕಕ್ಕೆ ಶಂಕೆ ಉಳಿಯುತ್ತಿತ್ತು ಎಂಬುದು ಅವನ ಮಾತಿನ ತಾತ್ಪರ್ಯ.

ಆ ಸಭೆಯಲ್ಲಿ ಸುಳ್ಳು ಹೇಳಿದವನು ಒಬ್ಬನೇ, ಅರಸ. ಶಂಕೆಗೆ ಗುರಿಯಾದವಳು ಒಬ್ಬಳೇ, ನ್ಯಾಯ ಕೇಳಲು ಬಂದವಳು. ಸಿಂಹಾಸನದ ಮೇಲೆ ಕುಳಿತವನೂ ಸುಳ್ಳಾಡಬಹುದೆಂಬ ಯೋಚನೆ ಆ ಲೋಕಕ್ಕೆ ಬರುವಂತೆಯೇ ಇರಲಿಲ್ಲ. ಈ ‘ಲೋಕಶಂಕೆ’ಯ ಚರಿತ್ರೆಯನ್ನು ಕುರಿತು ಕೆಲವು ಮಾತು ಹೇಳಬೇಕೆಂದು ನಾನು ಹೊರಟಿದ್ದೇನೆ. ಅನ್ಯಾಯವಾಯಿತೆಂದು ಕೋರ್ಟು ಕಚೇರಿಗಳ ಮೆಟ್ಟಿಲು ಹತ್ತುವವರನ್ನು ಊರು ಯಾವ ಕಣ್ಣಿನಿಂದ ನೋಡುತ್ತ ಬಂದಿದೆ? ಕಾನೂನು ಯಾವ ಕಣ್ಣಿನಿಂದ ನೋಡಿದೆ? ಇವೆರಡರ ನಡುವೆ ಆಗಿರುವ ಕೊಡುಕೊಳೆ ಎಂಥದು?

ಮೊದಲು ನಮ್ಮ ಶಬ್ದಗಳನ್ನೇ ನೋಡೋಣ. ‘ಮೊರೆ’ ಎಂದರೆ ಕೂಗು. ಪಾರಸಿಯಿಂದ ಬಂದ ‘ಫಿರ್ಯಾದು’ ಕೂಡ ಮೂಲದಲ್ಲಿ ನೆರವಿಗಾಗಿ ಇಡುವ ಕೂಗೇ. ಈಗ ವೃತ್ತಪತ್ರಿಕೆಗಳಲ್ಲಿ ದಿನವೂ ಕಾಣುವ ‘ಸಂತ್ರಸ್ತ’ ಎಂಬ ಮಾತಿಗೆ ಚೆನ್ನಾಗಿ ಹೆದರಿದವನು ಎಂದರ್ಥ. ಆದರೆ ಅಚ್ಚಗನ್ನಡದ ‘ದೂರು’ ಎಂಬ ಮಾತಿನಲ್ಲಿ ಎರಡು ಅರ್ಥಗಳು ಅಕ್ಕಪಕ್ಕದಲ್ಲಿವೆ. ನಾಮಪದವಾದರೆ ಅದು ಅಹವಾಲು. ಕ್ರಿಯಾಪದವಾದರೆ ನಿಂದಿಸುವುದು, ಆಡಿಕೊಳ್ಳುವುದು. ದೂರು ಕೊಡುವವನು ದೂರುವವನೂ ಆಗಿಬಿಡುತ್ತಾನೆ. ಲೋಕಶಂಕೆ ನಮ್ಮ ಮಾತಿನೊಳಗೇ ಮನೆ ಮಾಡಿಕೊಂಡಿದೆಯೆಂದರೆ ತಪ್ಪಾಗಲಾರದು.

ನಾನಿರುವುದು ಮಂಗಳೂರಿನ ಫಳ್ನೀರಿನಲ್ಲಿ. ಸಂಜೆ ಹೊತ್ತು ಕಂಕನಾಡಿಯ ಕಡೆಯಿಂದ ಹಂಪನಕಟ್ಟೆಯತ್ತ ನಡೆದುಹೋಗುವಾಗ, ಹೋಟೆಲಿನ ಮೇಜುಗಳ ಸುತ್ತ, ಆ ದಿನದ ಪತ್ರಿಕೆಯ ಮೊಕದ್ದಮೆಯ ಸುದ್ದಿ ಚರ್ಚೆಯಾಗುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮೊಕದ್ದಮೆ ಬೇರೆ ಬೇರೆ, ತೀರ್ಪು ಮಾತ್ರ ಒಂದೇ. ‘ಇಷ್ಟು ದಿನ ಎಲ್ಲಿದ್ದರಂತೆ?’ ‘ದುಡ್ಡಿನ ಆಸೆ ಇರಬೇಕು.’ ‘ಎರಡು ಕೈ ಸೇರದೆ ಚಪ್ಪಾಳೆಯಾಗುತ್ತದೆಯೆ?’ ಹೀಗೆ ಹೇಳುವವರು ದುಷ್ಟರಲ್ಲ. ನಮ್ಮ ನಿಮ್ಮಂಥ ಸಭ್ಯ ಗೃಹಸ್ಥರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಬಲ್ಲವರು. ಅಷ್ಟು ಕಷ್ಟವೆಂದು ತಿಳಿದೂ ಒಬ್ಬನು ಕೋರ್ಟಿಗೆ ಹೋಗುತ್ತಾನೆಂದರೆ ಏನೋ ಲಾಭವಿರಲೇಬೇಕೆಂದು ಅವರ ತರ್ಕ. ಅಷ್ಟು ಕಷ್ಟವೆಂದು ತಿಳಿದೂ ಹೋದನೆಂದರೆ ನೋವು ದೊಡ್ಡದಿರಬೇಕೆಂದೂ ತರ್ಕಿಸಬಹುದಷ್ಟೆ. ಅದೇಕೋ ಹಾಗೆ ತರ್ಕಿಸುವವರು ಕಡಿಮೆ.

ಶಂಕೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಸುಳ್ಳು ದೂರುಗಳು ಹಿಂದೆಯೂ ಇದ್ದವು, ಈಗಲೂ ಇವೆ. ಶಂಕಿಸದ ನ್ಯಾಯಾಧೀಶನು ನ್ಯಾಯಾಧೀಶನೇ ಅಲ್ಲ. ಆದರೆ ಶಂಕೆಗೂ ಒಂದು ವಿಧಿ ಬೇಕು. ಈ ಮಾತನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ನಾಡಿನವನೇ ಒಬ್ಬನು ಬಹಳ ಸ್ಪಷ್ಟವಾಗಿ ಕಂಡಿದ್ದನು.

ಆತನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದವನು. ಆಸ್ತಿಯ ಪಾಲಿನ ವಿಷಯದಲ್ಲಿ ಆ ಗ್ರಂಥದ ಹೆಸರನ್ನು ಕೇಳದ ವಕೀಲರಿಲ್ಲ. ಅದರ ವ್ಯವಹಾರಾಧ್ಯಾಯದಲ್ಲಿ ನ್ಯಾಯವಿಚಾರಣೆಯ ಕ್ರಮವೂ ಇದೆ. ಸುಳ್ಳು ದಾವೆ ಹೂಡಿದವನು ದಾವೆಯ ಎರಡರಷ್ಟು ಹಣವನ್ನು ದಂಡವಾಗಿ ತೆರಬೇಕೆಂದು ಸ್ಮೃತಿ ವಿಧಿಸುತ್ತದೆ. ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ಐದು ದಿವ್ಯಗಳಲ್ಲಿ ಯಾವುದನ್ನು ನಡೆಸುವುದಾದರೂ, ಅದು ಸಾಮಾನ್ಯವಾಗಿ ಆಪಾದಿತನಿಗೆ. ಆಪಾದಿಸಿದವನು ಸೋತರೆ ದಂಡಕ್ಕೆ ತಲೆಯೊಡ್ಡಲು ಸಿದ್ಧನಿರಬೇಕು. ಎಂದರೆ ಸುಳ್ಳುಗಾರನನ್ನು ಹಿಡಿಯುವ ಉಪಾಯವನ್ನು ಕಾನೂನು ತನ್ನ ಕೈಯಲ್ಲಿಯೇ ಇಟ್ಟುಕೊಂಡಿತ್ತು, ಬೀದಿಗೆ ಬಿಟ್ಟಿರಲಿಲ್ಲ.

ಅದೇ ಅಧ್ಯಾಯದಲ್ಲಿ ಯಾಜ್ಞವಲ್ಕ್ಯನು ದುಷ್ಟನಾದ ವಾದಿಯ ಅಥವಾ ಸಾಕ್ಷಿಯ ಲಕ್ಷಣಗಳನ್ನು ಪಟ್ಟಿಮಾಡುತ್ತಾನೆ. ನಿಂತಲ್ಲಿ ನಿಲ್ಲಲಾರ, ತುಟಿಯ ಕೊನೆಯನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಬದಲಾಗುತ್ತದೆ, ಮಾತು ತಡವರಿಸಿ ಹಿಂದಿನದಕ್ಕೂ ಮುಂದಿನದಕ್ಕೂ ಹೊಂದುವುದಿಲ್ಲ. ಇವತ್ತಿಗೂ ನಾವು ಸುಳ್ಳನ್ನು ಗುರುತಿಸಲು ನೆಚ್ಚಿಕೊಂಡಿರುವುದು ಇದೇ ಲಕ್ಷಣಗಳನ್ನು. ಇಲ್ಲಿಗೆ ಬಂದಾಗ ವಿಜ್ಞಾನೇಶ್ವರನು ಒಂದು ಕ್ಷಣ ನಿಂತು ಎಚ್ಚರಿಕೆಯ ಮಾತೊಂದನ್ನು ಸೇರಿಸುತ್ತಾನೆ. ಈ ಲಕ್ಷಣಗಳು ದೋಷವಿರಬಹುದೆಂಬ ಸಂಭಾವನೆಯನ್ನು ಮಾತ್ರ ತೋರಿಸುತ್ತವೆ, ದೋಷವನ್ನು ನಿಶ್ಚಯಿಸುವುದಿಲ್ಲ. ಏಕೆಂದರೆ ಯಾವ ವಿಕಾರ ಅವನ ಸ್ವಭಾವದಿಂದ ಬಂದದ್ದು, ಯಾವುದು ಒಂದು ನಿಮಿತ್ತದಿಂದ ಬಂದದ್ದು ಎಂದು ಬಿಡಿಸಿ ತಿಳಿಯುವುದು ಕಷ್ಟ. ಹುಟ್ಟಾ ತೊದಲುವವನಿರಬಹುದು. ಹೆದರಿ ಬೆವರಿದವನಿರಬಹುದು. ರಾಜಸಭೆಯನ್ನು ಕಂಡೇ ಅರಿಯದವನಿರಬಹುದು. ಉದಾಹರಣೆಗಳು ನನ್ನವು, ವಿವೇಕ ಕಲ್ಯಾಣದ್ದು. ನೊಂದವನು ಹೇಗೆ ಕಾಣಬೇಕು, ಹೇಗೆ ಅಳಬೇಕೆಂದು ಮೊದಲೇ ಒಂದು ಚಿತ್ರ ಬರೆದಿಟ್ಟುಕೊಂಡು, ಎದುರಿಗೆ ನಿಂತವನನ್ನು ಅದಕ್ಕೆ ಹೋಲಿಸಿ ನೋಡಬೇಡಿರೆಂಬುದು ಅದರ ಸಾರ.

ಕಲ್ಯಾಣದ ಈ ವಿವೇಕ ಗ್ರಂಥದಲ್ಲಿದ್ದಷ್ಟು ಗಟ್ಟಿಯಾಗಿ ಲೋಕದಲ್ಲಿ ನಿಲ್ಲಲಿಲ್ಲ. ಏಳು ಶತಮಾನಗಳನ್ನು ದಾಟಿ ಕಂಪೆನಿ ಸರಕಾರದ ಕಾಲಕ್ಕೆ ಬರೋಣ. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿದ ಊರು. ಉತ್ತರ, ದಕ್ಷಿಣವೆಂದು ಇನ್ನೂ ಒಡೆಯದಿದ್ದ ಕನ್ನಡ ಜಿಲ್ಲೆಯ ಕಲೆಕ್ಟರರ ಠಾಣೆ. ಬಳ್ಳಾರಿಯೂ ಅದೇ ಪ್ರಾಂತದಲ್ಲಿತ್ತು. 1816ರ ಕಾಯಿದೆಯಂತೆ ಕಂದಾಯ ವಸೂಲು ಮಾಡುವ ತಹಸೀಲ್ದಾರನೇ ಪೋಲೀಸು ಅಧಿಕಾರಿಯೂ ಆಗಿದ್ದನು. ಹಣ ಕೇಳುವ ಕೈ, ಹಿಡಿದು ಕಟ್ಟುವ ಕೈ ಎರಡೂ ಒಂದೇ.

1854ರ ಜುಲೈ ತಿಂಗಳಲ್ಲಿ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಮದರಾಸಿನ ಕಂದಾಯ ಪದ್ಧತಿಯ ಮೇಲೆ ಚರ್ಚೆ ನಡೆಯಿತು. ತೆರಿಗೆ ವಸೂಲಿಗಾಗಿ ರೈತರನ್ನು ಹಿಂಸಿಸಲಾಗುತ್ತಿದೆಯೆಂಬ ಆಪಾದನೆ ಅಲ್ಲಿ ಎದ್ದಿತು. ಹಿಂದೂಸ್ಥಾನದಲ್ಲಿ ಬಹುಕಾಲ ಅಧಿಕಾರ ನಡೆಸಿದ್ದ ಹಲವರಿಗೆ ಇದು ನಂಬಲಾಗದ ಮಾತಾಗಿತ್ತು. ಅವರ ವಾದ ಸರಳ: ಇಷ್ಟು ವರ್ಷ ಅಲ್ಲಿದ್ದೆವು, ಇಂಥದನ್ನು ನಾವು ಕಾಣಲಿಲ್ಲ, ನಡೆದಿದ್ದರೆ ಜನ ಬಂದು ದೂರುತ್ತಿರಲಿಲ್ಲವೆ? ದೂರದೆ ಇದ್ದವನಿಗೆ ನೋವೇ ಆಗಿಲ್ಲ, ದೂರಿದವನು ಉತ್ಪ್ರೇಕ್ಷೆ ಮಾಡುತ್ತಾನೆ ಎಂಬ ಈ ಇಕ್ಕುಳದಲ್ಲಿ ಸಿಕ್ಕವನಿಗೆ ಹೊರಬರುವ ದಾರಿಯೇ ಇಲ್ಲ.

ಆದರೂ ವಿಷಯ ಮುಚ್ಚಿಹೋಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮದರಾಸು ಸರಕಾರ ಮೂವರ ಆಯೋಗವೊಂದನ್ನು ನೇಮಿಸಿತು. ಮದರಾಸು ನಗರದ ಮುಖ್ಯ ಮ್ಯಾಜಿಸ್ಟ್ರೇಟರಾಗಿದ್ದ ಎಲಿಯಟ್, ಸಿವಿಲ್ ಸರ್ವಿಸಿನ ಸ್ಟೋಕ್ಸ್, ಬ್ಯಾರಿಸ್ಟರ್ ಜಾನ್ ಬ್ರೂಸ್ ನಾರ್ಟನ್ ಇವರು ಅದರ ಸದಸ್ಯರು. ಮೊದಲು ಕಂದಾಯಕ್ಕೆ ಸಂಬಂಧಿಸಿದ ಹಿಂಸೆಗೆ ಮಾತ್ರ ಸೀಮಿತವಾಗಿದ್ದ ವಿಚಾರಣೆ ಆಮೇಲೆ ಪೋಲೀಸರ ಹಿಂಸೆಗೂ ವಿಸ್ತರಿಸಿತು. ಹೇಳಿಕೊಳ್ಳುವುದಿದ್ದವರು ಬಂದು ಹೇಳಬಹುದು, ಬರಲಾರದವರು ಬರೆದು ಕಳಿಸಬಹುದು ಎಂದು ಪ್ರಕಟಣೆ ಹೊರಟಿತು. 519 ಮಂದಿ ಸ್ವತಃ ಬಂದರು. 1,440 ಮಂದಿ ಕಾಗದ ಬರೆದರು. ಒಟ್ಟು 1,959 ದೂರುಗಳು. ಹೆಬ್ಬೆರಳಿಗೂ ಕೊರಳಿಗೂ ಹಗ್ಗ ಬಿಗಿದು ಬಾಗಿಸಿ ಬಿಸಿಲಲ್ಲಿ ನಿಲ್ಲಿಸುವುದು, ಎರಡು ಕೋಲುಗಳ ‘ಕಿಟ್ಟಿ’ಯಲ್ಲಿ ಬೆರಳುಗಳನ್ನು ಸಿಕ್ಕಿಸಿ ಅದುಮುವುದು, ಬೆನ್ನ ಮೇಲೆ ಕಲ್ಲು ಹೇರುವುದು: ಇಂಥ ವಿವರಗಳು ಅವುಗಳಲ್ಲಿದ್ದವು.

ಆಯೋಗ ಈ ದೂರುಗಳನ್ನು ತೂಗಿದ ರೀತಿಯೇ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಬಂದದ್ದೆಲ್ಲ ಸತ್ಯವೆಂದು ಅದು ನಂಬಲಿಲ್ಲ. ಅನೇಕ ದೂರುಗಳಲ್ಲಿ ಉತ್ಪ್ರೇಕ್ಷೆಯಿದೆಯೆಂದು ಒಪ್ಪಿಕೊಂಡಿತು. ಆದರೆ ಬೇರೆ ಬೇರೆ ಭಾಷೆಯ, ಬೇರೆ ಬೇರೆ ಜಾತಿಯ, ನೂರಾರು ಮೈಲಿ ದೂರದಲ್ಲಿ ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ಬಗೆಯ ಹಿಂಸೆಯನ್ನು ಒಂದೇ ರೀತಿಯಲ್ಲಿ ವರ್ಣಿಸುವಾಗ ಅದನ್ನು ಒಳಸಂಚೆನ್ನುವುದು ಹಿಂಸೆ ನಡೆಯಿತೆನ್ನುವುದಕ್ಕಿಂತ ನಂಬಲು ಕಷ್ಟವೆಂದು ಕಂಡುಕೊಂಡಿತು. ಎರಡನೆಯದಾಗಿ, ಜನ ಮೊದಲೇ ಏಕೆ ದೂರಲಿಲ್ಲವೆಂಬ ಪ್ರಶ್ನೆಯನ್ನು ಅದು ದೂರುದಾರರ ಮುಖಕ್ಕೆ ಎಸೆಯದೆ, ಉತ್ತರ ಹುಡುಕಬೇಕಾದ ಪ್ರಶ್ನೆಯೆಂದು ಎತ್ತಿಕೊಂಡಿತು. ಉತ್ತರ ಸಿಕ್ಕಿತು. ಕಲೆಕ್ಟರರನ್ನು ಕಾಣಲು ದೂರ ಪ್ರಯಾಣ, ಖರ್ಚು, ಕೂಲಿನಷ್ಟ. ಅರ್ಜಿ ಬರೆದು ಕಳಿಸಿದರೆ ಅದು ಷರಾ ಹೊತ್ತು ಮತ್ತೆ ತಹಸೀಲ್ದಾರನ ಕೈಗೇ ಬರುತ್ತಿತ್ತು. ಯಾರ ಮೇಲೆ ದೂರೋ ಅವನೇ ವಿಚಾರಣೆಗಾರ. ಇಷ್ಟನ್ನೂ ದಾಟಿ ಅಪರಾಧ ರುಜುವಾತಾದರೂ ಮ್ಯಾಜಿಸ್ಟ್ರೇಟನು ಕೊಡಬಹುದಾಗಿದ್ದ ಶಿಕ್ಷೆ ಐವತ್ತು ರೂಪಾಯಿ ಜುಲ್ಮಾನೆ ಅಥವಾ ಒಂದು ತಿಂಗಳ ಸಜೆ. ಆಮೇಲೆ ಅದೇ ಊರಿನಲ್ಲಿ, ಅದೇ ಅಧಿಕಾರಿಯ ಕೈಕೆಳಗೆ ಬಾಳಬೇಕು. ಮೌನಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕೆ?

1855ರ ಏಪ್ರಿಲಿನಲ್ಲಿ ವರದಿ ಸಿದ್ಧವಾಯಿತು. ಅದು ದೋಷರಹಿತವಾದ ವರದಿಯೇನೂ ಅಲ್ಲ. ಹಿಂಸೆ ನಡೆದದ್ದು ನಿಜವೆಂದ ಆಯೋಗ, ಅದರ ಹೊಣೆಯನ್ನೆಲ್ಲ ದೇಶೀಯ ನೌಕರರ ಸ್ವಭಾವದ ಮೇಲೆ ಹೊರಿಸಿ, ಆ ವ್ಯವಸ್ಥೆಯ ಫಲವನ್ನುಂಡ ಬಿಳಿಯ ಅಧಿಕಾರಿಗಳನ್ನು ದೋಷಮುಕ್ತರನ್ನಾಗಿ ಮಾಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ 1857ರ ದಂಗೆ ಬಂದಿತು. ಬಂಡಾಯಗಾರರು ಇಂಗ್ಲಿಷ್ ಹೆಂಗಸರು ಮಕ್ಕಳ ಮೇಲೆ ನಡೆಸಿದ ಕೃತ್ಯಗಳ ಕಥೆಗಳು ಲಂಡನ್ನಿಗೆ ತಲುಪಿದವು. ಅವುಗಳಲ್ಲಿ ನಿಜವಾಗಿ ನಡೆದ ಕ್ರೂರ ಕೊಲೆಗಳಿದ್ದವು. ಆಮೇಲಿನ ವಿಚಾರಣೆಯಲ್ಲಿ ಆಧಾರವಿಲ್ಲವೆಂದು ಕಂಡ ಅಂಗಚ್ಛೇದದ ವದಂತಿಗಳೂ ಇದ್ದವು. ಎರಡನ್ನೂ ಆ ಸಮಾಜ ಒಂದೇ ಉಸಿರಿನಲ್ಲಿ ನಂಬಿತು. ಆ ಸಂದರ್ಭದಲ್ಲಿಯೇ, 1857ರ ಸೆಪ್ಟೆಂಬರ್ 17ರ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಕಾರ್ಲ್ ಮಾರ್ಕ್ಸ್ ಮದರಾಸಿನ ಈ ವರದಿಯನ್ನು ಓದುಗರ ಮುಂದಿಟ್ಟನು. ರೈತನ ನೋವಿಗೆ ಸಾವಿರದ ಒಂಬೈನೂರ ಐವತ್ತೊಂಬತ್ತು ದೂರುಗಳಾದರೂ ಬೇಕು. ತನ್ನವರ ನೋವಿಗೆ ವದಂತಿಯೇ ಸಾಕು. ಲೋಕಶಂಕೆ ಎಲ್ಲರ ಮೇಲೂ ಸಮನಾಗಿ ಬೀಳುವ ಮಳೆಯಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ವರದಿಯಿಂದ ಫಲವಾಗಲಿಲ್ಲವೆನ್ನುವಂತಿಲ್ಲ. 1859ರ ಮದರಾಸು ಪೋಲೀಸು ಕಾಯಿದೆ ಕಂದಾಯವನ್ನೂ ಪೋಲೀಸನ್ನೂ ಬೇರ್ಪಡಿಸಿತು. 1860ರ ದಂಡಸಂಹಿತೆಯ 330ನೆಯ ಕಲಮು, ತಪ್ಪೊಪ್ಪಿಸುವುದಕ್ಕಾಗಿ ಹಿಂಸಿಸುವ ಪೋಲೀಸು ಅಧಿಕಾರಿಯನ್ನೂ ಬಾಕಿ ವಸೂಲಿಗಾಗಿ ಹಿಂಸಿಸುವ ಕಂದಾಯದ ಅಧಿಕಾರಿಯನ್ನೂ ಹೆಸರಿಸಿಯೇ ದೃಷ್ಟಾಂತ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 120ನೆಯ ಕಲಮಾಗಿ ಮುಂದುವರಿದಿದೆ. 1872ರ ಸಾಕ್ಷ್ಯ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತು ಮಾಡಲಾಗದೆಂದಿತು. ಇಲ್ಲಿ ಕಾನೂನು ಶಂಕೆಯನ್ನು ಬಿಡಲಿಲ್ಲ. ಅದರ ದಿಕ್ಕನ್ನು ಬಲವಿದ್ದವನ ಕಡೆಗೆ ತಿರುಗಿಸಿತು. ದುಷ್ಯಂತನ ಸಭೆಯಲ್ಲಿ ಯಾರಿಗೂ ಹೊಳೆಯದಿದ್ದ ಯೋಚನೆ ಇದು.

ಆದರೆ ಅದೇ ಕಾಯಿದೆಯ 155ನೆಯ ಕಲಮಿನ ನಾಲ್ಕನೆಯ ಉಪಕಲಮನ್ನು ನೋಡಿರಿ. ಮಾನಭಂಗದ ಮೊಕದ್ದಮೆಯಲ್ಲಿ ದೂರಿದ ಹೆಂಗಸು ಸಾಮಾನ್ಯವಾಗಿ ದುರ್ನಡತೆಯವಳೆಂದು ತೋರಿಸಿ ಅವಳ ಮಾತಿನ ವಿಶ್ವಾಸಾರ್ಹತೆಯನ್ನು ಅಲ್ಲಗಳೆಯಲು ಅದು ಆಪಾದಿತನಿಗೆ ಅವಕಾಶ ಕೊಟ್ಟಿತ್ತು. ನಡೆದದ್ದೇನು ಎಂಬ ಪ್ರಶ್ನೆ ಹಿಂದೆ ಸರಿದು, ಇವಳು ಎಂಥವಳು ಎಂಬುದು ಮುಂದೆ ಬರುತ್ತಿತ್ತು. ಅರಸನು ಶಕುಂತಲೆಯ ತಾಯಿಯನ್ನು ಎತ್ತಿ ಆಡಿದ್ದೂ ಇದೇ ನ್ಯಾಯದಿಂದ. ಈ ಉಪಕಲಮನ್ನು ತೆಗೆದುಹಾಕಿದ್ದು 2002ರಲ್ಲಿ. ನೂರಮೂವತ್ತು ವರ್ಷ ಅದು ಪುಸ್ತಕದಲ್ಲಿತ್ತು. ಪುಸ್ತಕದಿಂದ ಹೋದದ್ದು ಮನಸ್ಸಿನಿಂದ ಹೋಗಲು ಇನ್ನೂ ಹೊತ್ತು ಹಿಡಿಯುತ್ತದೆ. 2020ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಅಂಥ ಕೃತ್ಯದ ಬಳಿಕ ದಣಿದು ನಿದ್ದೆಹೋದೆನೆಂಬ ದೂರುದಾರಳ ವಿವರಣೆ ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲವೆಂಬರ್ಥದ ವಾಕ್ಯವೊಂದು ಸೇರಿತ್ತು. ದೇಶದ ನಾನಾ ಕಡೆಯಿಂದ ಆಕ್ಷೇಪ ಬಂದ ಮೇಲೆ, ಕೆಲವೇ ದಿನಗಳಲ್ಲಿ ಅದನ್ನು ಆದೇಶದಿಂದ ತೆಗೆಯಲಾಯಿತು. ಆ ಮೊಕದ್ದಮೆಯ ಸತ್ಯಾಸತ್ಯ ನಮಗೆ ಸಂಬಂಧಿಸಿದ್ದಲ್ಲ. ಆದರೆ ನಿದ್ದೆ ಸ್ವಭಾವದಿಂದ ಬಂದದ್ದೋ ನಿಮಿತ್ತದಿಂದ ಬಂದದ್ದೋ ತಿಳಿಯುವುದು ಕಷ್ಟವೆಂದು ಕಲ್ಯಾಣದ ವಿಜ್ಞಾನೇಶ್ವರನು ಹೇಳುತ್ತಿದ್ದನೆಂದು ನನಗೆ ತೋರುತ್ತದೆ.

ಇಷ್ಟು ಹೊತ್ತು ಹೇಳಿದ್ದು ಒಬ್ಬೊಬ್ಬರೇ ದೂರುದಾರರ ಮಾತು. ಇಡೀ ಒಂದು ಸೀಮೆಯೇ ದೂರುದಾರನಾದ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. 1956ರವರೆಗೆ ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದು ಆಮೇಲೆ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಸರಕಾರಿ ತೋಟಗಾರಿಕೆ ನಿಗಮದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ನಮ್ಮ ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಗೇರು ತೋಟಗಳಿಗೆ ಆ ಸಿಂಪಡಣೆ ನಡೆದಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು ಒಂದೇ ಆವರಣದಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರಗಳು ಗುಂಪಾಗಿ ಕಾಣುವುದನ್ನು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಕುರಿತು ಬರೆದರು.

ಲೋಕದ ಉತ್ತರ ನಮಗೆ ಪರಿಚಿತವಾದದ್ದೇ. ವಂಶದಲ್ಲಿ ಬಂದ ಕಾಯಿಲೆಗೆ ಮದ್ದಿನ ಹೆಸರು, ಪರಿಹಾರದ ಆಸೆ, ಪತ್ರಿಕೆಯವರ ಗದ್ದಲ. ಒಂದೆರಡು ತಜ್ಞ ಸಮಿತಿಗಳು ಸಂಬಂಧ ಕಾಣುವುದಿಲ್ಲವೆಂದವು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ 2002ರ ವರದಿಯಲ್ಲಿ ಎಂಡೋಸಲ್ಫಾನಿನತ್ತಲೇ ಬೆರಳು ತೋರಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಹಿಡಿಯಿತು. ಒಬ್ಬೊಬ್ಬ ರೋಗಿಯ ಒಂದೊಂದು ಕಾಯಿಲೆಗೂ ಅದೇ ಕಾರಣವೆಂದು ಸಾಧಿಸುವುದು ವಿಜ್ಞಾನಕ್ಕೂ ಸುಲಭವಲ್ಲ. ಆದ್ದರಿಂದ ಪಟ್ಟಿಗಳನ್ನು ಪರೀಕ್ಷಿಸಿದ್ದನ್ನು ತಪ್ಪೆನ್ನಲಾಗದು. ಆದರೆ ಪರೀಕ್ಷೆ ಮುಗಿದು ತೀರ್ಪು ಬಂದ ಮೇಲೆ ಏನಾಯಿತು? 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ತಲುಪಿದ್ದು ಎಂಟು ಜನರಿಗೆ. ನ್ಯಾಯಾಲಯ ನಿಂದನೆಯ ಅರ್ಜಿ ಹಾಕಿ ಮತ್ತೊಮ್ಮೆ ಕೋರ್ಟಿಗೆ ಹೋದ ಎಂಟು ಜನರಿಗೆ ಮಾತ್ರ.

ಈ ಎಂಟು ಎಂಬ ಅಂಕಿಯನ್ನು ಹೋಟೆಲಿನ ಮೇಜಿನ ತರ್ಕದ ಪಕ್ಕದಲ್ಲಿಟ್ಟು ನೋಡಬೇಕು. ದುಡ್ಡಿನ ಆಸೆಗೆ ಕೋರ್ಟಿಗೆ ಹೋಗುತ್ತಾರೆನ್ನುವ ಮಾತು, ಹಾಸಿಗೆ ಹಿಡಿದ ಮಗುವನ್ನು ಮನೆಯಲ್ಲಿ ಬಿಟ್ಟು ದೆಹಲಿಯವರೆಗೆ ವಕೀಲರನ್ನು ಹುಡುಕಬೇಕಾದವರ ಮುಂದೆ ಹಗುರವಾಗಿ ಕಾಣುತ್ತದೆ. ಕೋರ್ಟಿಗೆ ಹೋಗದೆ ಉಳಿದ 3,696 ಮಂದಿಯನ್ನು ಯಾರೂ ದುರಾಸೆಯವರೆನ್ನಲಿಲ್ಲ. ಅವರಿಗೆ ಯಾರೂ ಹಣವನ್ನೂ ಕೊಟ್ಟಿರಲಿಲ್ಲ.

ನ್ಯಾಯಾಲಯ ಶಂಕಿಸಲಿ. ಅದಕ್ಕೆ ಪಾಟೀಸವಾಲು ಇದೆ, ದಾಖಲೆ ಇದೆ, ಸುಳ್ಳು ಹೇಳಿದವನಿಗೆ ಶಿಕ್ಷೆಯಿದೆ, ತಾನೇ ತಪ್ಪಿದರೆ ತಿದ್ದುವ ಮೇಲಿನ ಕೋರ್ಟು ಇದೆ. ಲೋಕಶಂಕೆಗೆ ಇವು ಯಾವುವೂ ಇಲ್ಲ. ತಪ್ಪಾದರೆ ತೆರಬೇಕಾದ ದಂಡವೂ ಇಲ್ಲ. ದಿವ್ಯಕ್ಕೆ ನಿಲ್ಲಿಸಿದವನು ತಾನೂ ದಂಡಕ್ಕೆ ತಲೆಯೊಡ್ಡಬೇಕೆಂದು ಸ್ಮೃತಿ ವಿಧಿಸಿತ್ತು. ಬೀದಿಯಲ್ಲಿ ನಿಂತು ನೊಂದವರನ್ನು ಬೆಂಕಿಗೆ ಹಾಯಿಸುವ ನಾವು ಏನನ್ನೂ ಒಡ್ಡುವುದಿಲ್ಲ. ಹಾಗಿರುವಾಗ, ತೀರ್ಪು ಬರುವ ತನಕ ‘ಇವಳು ಎಂಥವಳು, ಇವನು ಎಂಥವನು’ ಎಂಬ ಪ್ರಶ್ನೆಯನ್ನು ಬಿಟ್ಟು, ‘ನಡೆದದ್ದೇನು’ ಎಂಬುದೊಂದನ್ನೇ ಕೇಳುವ ಸಂಯಮ ನಮಗೆ ಬಂದರೆ ಸಾಕು. ವ್ಯಾಸರ ಶಕುಂತಲೆಗೆ ಅಶರೀರವಾಣಿಯ ಸಾಕ್ಷ್ಯ ಒದಗಿತು. ನಮ್ಮ ಕಾಲದಲ್ಲಿ ದೂರು ಹಿಡಿದು ಬರುವವರಿಗೆ ಆ ಅನುಕೂಲವಿಲ್ಲ. ಆಕಾಶವಾಣಿಯಿಂದ ಈಗ ಬರುವುದು ನನ್ನಂಥವರ ಭಾಷಣ ಮಾತ್ರ.